ಯಾರ ಮನೆಯ ಬುತ್ತಿ?

ಸಹಪಂಕ್ತಿ ಭೋಜನ ಇಂದು ಯಾರಿಗೂ ಕಷ್ಟದ ಕೆಲಸವಲ್ಲ. ಬಸವ ಜಯಂತಿಗೆ ಕಲ್ಯಾಣಮಂಟಪ ಹಿಡಿದು, ಅಡುಗೆಯವರಿಗೆ ಎಲೆಗಿಷ್ಟು ಎಂದು ಗುತ್ತಿಗೆ ಕೊಟ್ಟು, ಎಲ್ಲ ಜಾತಿಯವರನ್ನೂ ಸಾಲಾಗಿ ಕೂರಿಸಿ ಬಡಿಸಿದರೆ ಫೋಟೊ ಚೆನ್ನಾಗಿ ಬರುತ್ತದೆ. ಆದರೆ ಆ ಪಂಕ್ತಿಯಲ್ಲಿ ಯಾರೂ ಇನ್ನೊಬ್ಬರ ಮನೆಯ ಅನ್ನ ಉಂಡಿರುವುದಿಲ್ಲ. ಪಕ್ಕದವರ ಒಲೆಯ ಮೇಲೆ ಬೆಂದದ್ದನ್ನು ಅವರ ಪಾತ್ರೆಯಿಂದಲೇ ಬಡಿಸಿಕೊಂಡು ಉಣ್ಣುವ ಪ್ರಸಂಗ ಬಂದಾಗ ನಾವು ಎಲ್ಲಿದ್ದೇವೆ ಎಂಬುದು ತಿಳಿಯುತ್ತದೆ. ಈ ಸಲದ ಬಸವ ಜಯಂತಿಯಂದು ನಮ್ಮ ಅಂಗಳದಲ್ಲೇ ಅದು ತಿಳಿಯಿತು. ಆ ಸಂಗತಿಯನ್ನು ಶರಣ ಬಂಧುಗಳ ಮುಂದಿಡುತ್ತಿದ್ದೇನೆ.

ಬಂಟ್ವಾಳದಲ್ಲಿ ನಮ್ಮ ಪರಿಚಯದ ಲಿಂಗಾಯತ ಮನೆಗಳು ಬೆರಳೆಣಿಕೆಯಷ್ಟು. ಲೋಕೋಪಯೋಗಿ, ಮೆಸ್ಕಾಂ, ಬ್ಯಾಂಕು, ಶಾಲೆ ಎಂದು ಗದಗ, ಹಾವೇರಿ, ವಿಜಯಪುರದ ಕಡೆಯಿಂದ ವರ್ಗವಾಗಿ ಬಂದು ಬಿ.ಸಿ. ರೋಡಿನ ಸುತ್ತ ನೆಲೆ ನಿಂತವರು. ನಾನೂ ಅವರಲ್ಲೊಬ್ಬ. ಸೇತುವೆ, ಕಿಂಡಿ ಅಣೆಕಟ್ಟುಗಳ ಕೆಲಸ ಮಾಡಿ ನಿವೃತ್ತನಾದ ಮೇಲೆ ನೇತ್ರಾವತಿಯ ದಂಡೆ ಬಿಟ್ಟುಹೋಗಲು ಮನಸ್ಸಾಗಲಿಲ್ಲ. ಇಷ್ಟು ಸಣ್ಣ ಗುಂಪಿಗೆ ಮಂಟಪವೇಕೆ ಎಂದು ಕೆಲವು ವರ್ಷಗಳಿಂದ ಜಯಂತಿಯ ರಜೆಯ ದಿನ ನಮ್ಮ ಮನೆಯ ಅಂಗಳದಲ್ಲೇ ಸೇರುತ್ತೇವೆ. ಪ್ರತಿ ಮನೆಯವರೂ ಒಂದೊಂದು ಅಡುಗೆ ತರಬೇಕು. ನೆರೆಯವರು, ಗೆಳೆಯರು ಯಾರು ಬಂದರೂ ಸರಿ, ಅವರೂ ತರಬೇಕು. ಮಾಂಸಾಹಾರ ಬೇಡ ಎಂಬುದೊಂದೇ ಕರಾರು. ಮಕ್ಕಳು ಇದನ್ನು ಪಾಟ್‌ಲಕ್ ಎನ್ನುತ್ತಾರೆ. ನಮ್ಮ ಕಡೆ ಹೊಲಕ್ಕೆ ಒಯ್ದು ಹಂಚಿಕೊಂಡು ಉಣ್ಣುವುದಕ್ಕೆ ಬುತ್ತಿ ಎಂಬ ಹೆಸರು ಮೊದಲಿನಿಂದಲೂ ಇದೆ.

ಈ ಸಲ ನಲವತ್ತು ಜನ ಇದ್ದರು. ಊರಿಂದ ಬಸ್ಸಿನಲ್ಲಿ ತರಿಸಿದ ಜೋಳದ ಹಿಟ್ಟಿನ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಹೋಳಿಗೆ ನಮ್ಮವರದು. ಪಕ್ಕದ ಬಿಲ್ಲವರ ಮನೆಯಿಂದ ತೇಗದ ಎಲೆಯಲ್ಲಿ ಬೇಯಿಸಿದ ಹಲಸಿನ ಹಣ್ಣಿನ ಗಟ್ಟಿ ಬಂತು. ಎಲೆಯ ಕೆಂಪು ಹತ್ತಿ ಅದಕ್ಕೊಂದು ಬಣ್ಣ, ಒಂದು ಘಮ. ಹಿಂದಿನ ಬೀದಿಯ ಕ್ರೈಸ್ತ ಕುಟುಂಬದವರು ಬೆಳ್ಳಗಿನ ಸನ್ನ ತಂದರು. ನನ್ನ ಹೆಂಡತಿಯ ಗೆಳತಿಯಾದ ಒಬ್ಬ ಶಿಕ್ಷಕಿ ಬಸಳೆ ಮತ್ತು ಹಲಸಿನ ಬೀಜದ ಗಸಿ ಮಾಡಿ ತಂದಿದ್ದರು, ಜತೆಗೆ ಪುಂಡಿ. ಅವರು ದಲಿತರು. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಸನ್ನ ಮೊದಲು ಖಾಲಿಯಾಯಿತು. ಗಟ್ಟಿಗೆ ಮಕ್ಕಳು ಮುಗಿಬಿದ್ದರು. ಬಸಳೆಯ ಪಾತ್ರೆಯ ಮುಂದೆ ಮಾತ್ರ ನಮ್ಮವರಲ್ಲಿ ಐದಾರು ಜನರ ತಟ್ಟೆ ಸರಿದು ಮುಂದೆ ಹೋಯಿತು. ಒಬ್ಬರಿಗೆ ಹೊಟ್ಟೆ ತುಂಬಿತ್ತು, ಒಬ್ಬರಿಗೆ ಗ್ಯಾಸ್ಟ್ರಿಕ್, ಇನ್ನೊಬ್ಬರಿಗೆ ಬಸಳೆ ಒಗ್ಗುವುದಿಲ್ಲ. ಹೊಟ್ಟೆ ತುಂಬಿದವರು ಆಮೇಲೆ ಎರಡು ಹೋಳಿಗೆ ಉಂಡರು. ಅರ್ಧಕ್ಕಿಂತ ಹೆಚ್ಚು ಗಸಿ ಉಳಿಯಿತು. ಶಿಕ್ಷಕಿ ಏನೂ ಹೇಳಲಿಲ್ಲ. ಪಾತ್ರೆ ತೊಳೆದುಕೊಡುತ್ತೇವೆಂದರೂ ಕೇಳದೆ ಹಾಗೇ ಎತ್ತಿಕೊಂಡು ಹೋದರು.

ಲಿಂಗಧಾರಿಗಳಿಗೆ ಭವಿಯ ಮನೆಯ ಪಾಕ ಸಲ್ಲದು ಎಂಬ ಮಾತನ್ನು ಮರುದಿನ ಒಬ್ಬರು ಎತ್ತಿದರು. ಆ ಕಟ್ಟುನಿಟ್ಟು ನಮ್ಮ ಸಂಪ್ರದಾಯದಲ್ಲಿದೆ, ವಚನಗಳಲ್ಲೂ ಕಾಣುತ್ತದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅಲ್ಲಿ ಭವಿ ಎಂಬುದು ಹುಟ್ಟಿನ ಹೆಸರಲ್ಲ. ಲಿಂಗ ಕಟ್ಟಿದ ಸಮಗಾರ ಹರಳಯ್ಯ ಭಕ್ತ, ಕಟ್ಟದ ಬಿಜ್ಜಳ ದೊರೆಯಾದರೂ ಭವಿ. ಮಾದಾರ ಚೆನ್ನಯ್ಯನ ಮನೆಯ ಅಂಬಲಿಯನ್ನು ಶಿವನೇ ಬಯಸಿ ಉಂಡ ಕಥೆಯನ್ನು ನಾವು ಪ್ರವಚನಗಳಲ್ಲಿ ಕಣ್ಣೀರು ಹಾಕಿ ಕೇಳುತ್ತೇವೆ. ಅದಿರಲಿ. ಸನ್ನ ಮಾಡಿದವರ ಕೊರಳಲ್ಲಿ ಲಿಂಗವಿತ್ತೇ? ಗಟ್ಟಿ ಬೇಯಿಸಿದವರ ಕೊರಳಲ್ಲಿ? ದಿನಾ ಸಂಜೆ ಹೋಟೆಲಿನಲ್ಲಿ ಗೋಲಿಬಜೆ ತಿನ್ನುವಾಗ ಈ ಪ್ರಶ್ನೆ ಎಲ್ಲಿರುತ್ತದೆ? ಎರಡು ಪಾತ್ರೆ ದಾಟಿ ಮೂರನೆಯದರ ಮುಂದೆ ಮಾತ್ರ ನೆನಪಾಗುವ ನಿಯಮ ಲಿಂಗಾಚಾರದ್ದಲ್ಲ, ಜಾತಿಯದು.

ಸೇತುವೆಯ ಬಲದ ಬಗ್ಗೆ ಅನುಮಾನ ಬಂದಾಗ ನಾವು ಬಣ್ಣ ನೋಡಿ ಪಾಸು ಮಾಡುತ್ತಿರಲಿಲ್ಲ. ಭಾರ ಹೇರಿ, 24 ಗಂಟೆ ಬಿಟ್ಟು, ಎಷ್ಟು ಬಾಗಿತು, ಭಾರ ಇಳಿಸಿದ ಮೇಲೆ ಎಷ್ಟು ಮರಳಿತು ಎಂದು ಅಳೆಯುತ್ತಿದ್ದೆವು. ಗುತ್ತಿಗೆಯ ಊಟದಲ್ಲಿ ಭಾರವೇ ಬೀಳುವುದಿಲ್ಲ. ಬುತ್ತಿಯೂಟದಲ್ಲಿ ಬೀಳುತ್ತದೆ.

ಮುಂದಿನ ವರ್ಷದಿಂದ ತಲೆಗಿಷ್ಟು ಹಣ ಹಾಕಿ ಕ್ಯಾಟರಿಂಗ್‌ನವರಿಗೆ ಹೇಳಿಬಿಡೋಣ, ಯಾರಿಗೂ ಮುಜುಗರವಿಲ್ಲ ಎಂಬ ಸಲಹೆ ಬಂದಿದೆ. ಇನ್ನು ಕೆಲವರು ಒಳ್ಳೆಯ ಮನಸ್ಸಿನಿಂದಲೇ ಬೇರೊಂದು ದಾರಿ ಹೇಳಿದರು: ಎಲ್ಲವನ್ನೂ ನಮ್ಮ ಮನೆಯ ಪಾತ್ರೆಗಳಿಗೆ ಸುರಿದು ಇಡೋಣ, ಯಾವುದು ಯಾರದೆಂದು ತಿಳಿಯದಿದ್ದರೆ ಎಲ್ಲರೂ ಉಣ್ಣುತ್ತಾರೆ. ನನಗೆ ಎರಡೂ ಒಪ್ಪಿಗೆಯಿಲ್ಲ. ಮಾಡಿದವರ ಹೆಸರು ಅಳಿಸಿದ ಮೇಲೆ ಇಳಿಯುವ ಅಡುಗೆಯಿಂದ ಮಾಡಿದವರಿಗೆ ಯಾವ ಗೌರವ ಬಂದಂತಾಯಿತು?

ಗದಗ ಜಿಲ್ಲೆಯ ಡಂಬಳದ ರೊಟ್ಟಿ ಜಾತ್ರೆಯಲ್ಲೂ ಹೆಸರಿಲ್ಲವಲ್ಲ ಎಂದು ಕೇಳಬಹುದು. ತೋಂಟದಾರ್ಯ ಮಠದ ಆ ಜಾತ್ರೆಗೆ ಎಲ್ಲ ಜಾತಿಧರ್ಮಗಳವರ ಮನೆಗಳಿಂದ ರೊಟ್ಟಿ ಬರುತ್ತದೆ, ಎಲ್ಲ ಒಂದೇ ರಾಶಿಯಾಗುತ್ತದೆ, ಎಲ್ಲರೂ ಅಲ್ಲೇ ಉಣ್ಣುತ್ತಾರೆ. ಅಲ್ಲಿ ಉಣ್ಣುವವನಿಗೆ ಆ ರಾಶಿಯಲ್ಲಿ ಎಲ್ಲರ ಮನೆಯ ರೊಟ್ಟಿಯೂ ಇದೆಯೆಂದು ಗೊತ್ತಿರುತ್ತದೆ, ಗೊತ್ತಿದ್ದೇ ಕೈಯೊಡ್ಡುತ್ತಾನೆ. ಸುರಿದು ಮರೆಮಾಡುವುದಕ್ಕೂ ಇದಕ್ಕೂ ಬಹಳ ಅಂತರವಿದೆ.

ನಮ್ಮ ದಕ್ಷಿಣಕ್ಕೆ, ಕೇರಳದ ಚೆರಾಯಿಯಲ್ಲಿ, ಈಳವರ ಸಹೋದರನ್ ಅಯ್ಯಪ್ಪನ್ 1917ರಲ್ಲಿ ಪುಲಯರ ಜತೆ ಕೂತು ಉಂಡರು. ಸ್ವಜಾತಿಯವರೇ ಅವರನ್ನು ಹೊರಗಿಟ್ಟು ‘ಪುಲಯನ್ ಅಯ್ಯಪ್ಪನ್’ ಎಂದು ಹಂಗಿಸಿದರು. ಅವರು ಆ ಹೆಸರನ್ನು ಮಾನವೆಂದೇ ಹೊತ್ತರು. ಒಟ್ಟಿಗೆ ಉಂಡ ಮಾತ್ರಕ್ಕೆ ಜಾತಿ ಸಾಯುವುದಿಲ್ಲ, ಮದುವೆಗಳಾಗಬೇಕು ಎಂದು ಅಂಬೇಡ್ಕರ್ 1936ರಲ್ಲೇ ಬರೆದರು. ಒಪ್ಪತಕ್ಕ ಮಾತು. ಹರಳಯ್ಯ ಮಧುವರಸರ ಮಕ್ಕಳ ಮದುವೆಯನ್ನು ವೇದಿಕೆಗಳಲ್ಲಿ ಕೊಂಡಾಡುವ ನಾವು ಒಂದು ಸೌಟು ಬಸಳೆಯ ಮುಂದೆ ನಿಂತುಬಿಟ್ಟರೆ ಆ ಮಾತಿನವರೆಗೆ ತಲಪುವುದು ಯಾವಾಗ?

ಮಠಗಳ ಪೂಜ್ಯರಲ್ಲಿ ನನ್ನದೊಂದು ಬಿನ್ನಹ. ಶ್ರಾವಣದ ಪ್ರವಚನ ಮುಗಿಯುವ ದಿನದ ಪ್ರಸಾದವನ್ನು ಒಂದು ವರ್ಷವಾದರೂ ಗುತ್ತಿಗೆಗೆ ಕೊಡದೆ, ಊರಿನ ಎಲ್ಲ ಕೇರಿಗಳಿಂದ ಬುತ್ತಿ ತರಿಸಿರಿ. ಮೊದಲ ತುತ್ತನ್ನು ತಾವೇ ಸ್ವೀಕರಿಸಿರಿ, ಯಾವ ಮನೆಯದೆಂದು ಕೇಳಿ ತಿಳಿದು ಸ್ವೀಕರಿಸಿರಿ. ತಾವು ಉಂಡ ಪಾತ್ರೆಯ ಮುಂದೆ ಗ್ಯಾಸ್ಟ್ರಿಕ್ ನೆಪ ಹೇಳುವವರು ಕಡಿಮೆಯಾಗುತ್ತಾರೆ.

ಬಂಟ್ವಾಳದ ನಮ್ಮ ಗುಂಪೂ ಶ್ರಾವಣದ ಕೊನೆಯ ಸೋಮವಾರ ಸಂಜೆ ಮತ್ತೆ ಸೇರುತ್ತಿದೆ. ಬುತ್ತಿಯೂಟವೇ. ಪ್ರತಿ ಪಾತ್ರೆಯ ಮೇಲೂ ಮನೆಯವರ ಹೆಸರಿನ ಚೀಟಿ ಇರುತ್ತದೆ. ನಾವಿಬ್ಬರೂ ಶಿಕ್ಷಕಿಯವರ ಮನೆಗೆ ಹೋಗಿ ಕರೆದು ಬಂದಿದ್ದೇವೆ. ಬರುತ್ತೇನೆ ಎಂದಿದ್ದಾರೆ, ಏನು ತರುತ್ತೇನೆಂದು ಇನ್ನೂ ಹೇಳಿಲ್ಲ.