ಪಾಲಿಟೆಕ್ನಿಕ್ ಲ್ಯಾಬಿನ ಬೀಗ ಭಾನುವಾರವೂ ತೆಗೆಯಲಿ

ನಮ್ಮ ಸರ್ಕಾರಿ ಪಾಲಿಟೆಕ್ನಿಕ್‌ಗಳ ಎಲೆಕ್ಟ್ರಾನಿಕ್ಸ್ ಲ್ಯಾಬುಗಳನ್ನು ಭಾನುವಾರ ಊರಿನ ಆಸಕ್ತರಿಗೆ ತೆರೆದಿಡಬೇಕು. ವಿದ್ಯಾರ್ಥಿಗಳಿಗೆ ಮಾತ್ರವಲ್ಲ, ಬೋರ್‌ವೆಲ್ ಸ್ಟಾರ್ಟರ್ ಜತೆ ಗುದ್ದಾಡುವ ರೈತನಿಗೆ, ಟಿ.ವಿ. ರಿಪೇರಿಯವರಿಗೆ, ಕೈಯಲ್ಲಿ ಏನಾದರೂ ಮಾಡಬೇಕೆಂಬ ಆಸೆ ಇರುವ ಯಾರಿಗಾದರೂ. ಈ ಬೇಡಿಕೆ ಎಲ್ಲಿಂದ ಹುಟ್ಟಿತು ಎನ್ನುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಾನು ಇಂಜಿನಿಯರ್ ಅಲ್ಲ. ಬೆಂಗಳೂರಿನ ದೂರವಾಣಿನಗರದ ಐಟಿಐ ಟೆಲಿಫೋನ್ ಕಾರ್ಖಾನೆಯಲ್ಲಿ ಬೆಸುಗೆ ಹಾಕುತ್ತಿದ್ದವಳು, ನಿವೃತ್ತಿಯ ನಂತರ ಊರಾದ ತುಮಕೂರಿಗೆ ಬಂದವಳು. ಇಲ್ಲಿ ಒಂದು ಟಿ.ವಿ. ರಿಪೇರಿ ಅಂಗಡಿಯ ಮಹಡಿಯಲ್ಲಿ ಭಾನುವಾರ ಐದಾರು ಜನ ಸೇರುತ್ತೇವೆ: ಅಂಗಡಿಯವರು, ಗುಬ್ಬಿ ಕಡೆಯ ತೆಂಗಿನ ತೋಟದ ಹುಡುಗ, ಪಿಯು ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರು, ಡಿಪ್ಲೊಮಾ ಓದುವ ಇಬ್ಬರು ಹೆಣ್ಣುಮಕ್ಕಳು, ನಾನು. ಮಹಡಿಯಲ್ಲಿ ಇರುವುದು ಎರಡು ಸಾಲ್ಡರಿಂಗ್ ಐರನ್, ಒಂದು ಮೇಜು, ಒಂದು ಟ್ಯೂಬ್‌ಲೈಟ್. ಅಲ್ಲಿ ಎಲ್ಲರೂ ಸೇರಿ ಈಚೆಗೆ ಒಂದು ಪುಟ್ಟ ಅಡಾಪ್ಟರ್ ಬೋರ್ಡ್ ಮಾಡಿದೆವು.

ಇದು ಬೇಕಾಗಿದ್ದು ತೋಟದ ಹುಡುಗನಿಗೆ. ಅವರ ನೀರಿನ ಟ್ಯಾಂಕ್ ಇರುವುದು ತೋಟದ ಮನೆಯಿಂದ ದೂರ, ದಿಬ್ಬದ ಮೇಲೆ. ತ್ರೀ ಫೇಸ್ ಕರೆಂಟ್ ಬಂದಾಗ ಮೋಟರ್ ತಾನಾಗಿ ಓಡುತ್ತದೆ, ಟ್ಯಾಂಕ್ ತುಂಬಿ ಹರಿದರೂ ಮನೆಯಲ್ಲಿ ಗೊತ್ತಾಗುವುದಿಲ್ಲ. ಟ್ಯಾಂಕಿನ ಹತ್ತಿರ ಕರೆಂಟಿನ ಲೈನ್ ಇಲ್ಲ. ಆದ್ದರಿಂದ ಬ್ಯಾಟರಿಯಲ್ಲೇ ನಡೆಯುವ, ಅರ್ಧ ಗಂಟೆಗೊಮ್ಮೆ ಎದ್ದು ನೀರಿನ ಮಟ್ಟವನ್ನು ವೈಫೈ ಮೂಲಕ ಮನೆಗೆ ತಿಳಿಸಿ ಮತ್ತೆ ಮಲಗುವ ಒಂದು ಸಾಧನ ಬೇಕಿತ್ತು.

ಇಂಥ ಕೆಲಸಕ್ಕೆ ಸಿಗುವ ಅಗ್ಗದ ಮೈಕ್ರೋಕಂಟ್ರೋಲರ್ ಇಎಸ್‌ಪಿ8266. ಶಾಂಘೈನ ಎಸ್ಪ್ರೆಸಿಫ್ ಕಂಪನಿಯದು. 2014ರಲ್ಲಿ ಇದು ಮಾರುಕಟ್ಟೆಗೆ ಬಂದ ಮೇಲೆ ವೈಫೈ ಸಾಧನ ಮಾಡುವುದು ಸಾಮಾನ್ಯರ ಕೈಗೂ ಎಟುಕಿತು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಇದರ ರೆಡಿಮೇಡ್ ಬೋರ್ಡುಗಳು ರಾಶಿ ರಾಶಿ ಸಿಗುತ್ತವೆ. ಯುಎಸ್‌ಬಿ ಕೇಬಲ್ ಸಿಕ್ಕಿಸಿದರೆ ಸಾಕು, ಕೆಲಸ ಶುರು. ಹಾಗಿದ್ದ ಮೇಲೆ ನಾವೇ ಮಾಡುವ ಕಷ್ಟ ಯಾಕೆ? ಅಂಗಡಿಯವರು ಕೇಳಿದ ಮೊದಲ ಪ್ರಶ್ನೆಯೇ ಇದು. ಹುಡುಗ ಆಗಲೇ ರೆಡಿ ಬೋರ್ಡ್ ತಂದು ಟ್ಯಾಂಕಿನ ಬಳಿ ಇಟ್ಟು ನೋಡಿದ್ದ. ಬ್ಯಾಟರಿ ಮೂರು ವಾರ ಕೂಡ ಬಂದಿರಲಿಲ್ಲ.

ಕಾರಣ ತಿಳಿದದ್ದು ಮೇಷ್ಟ್ರು ಮೀಟರ್ ಹಿಡಿದು ಕೂತಾಗ. ಚಿಪ್ ಆಳವಾದ ನಿದ್ದೆಗೆ ಹೋದಾಗ ಅದು ಬಳಸುವುದು ಬರೀ 20 ಮೈಕ್ರೋಆಂಪಿಯರ್. ಆದರೆ ರೆಡಿ ಬೋರ್ಡಿನಲ್ಲಿ ವೋಲ್ಟೇಜ್ ಇಳಿಸಲು ಹಾಕಿರುವ ಎಎಂಎಸ್1117 ರೆಗ್ಯುಲೇಟರ್ ನಿದ್ದೆ ಮಾಡುವುದಿಲ್ಲ. ಅದೊಂದೇ ಸುಮಾರು 5 ಮಿಲಿಆಂಪಿಯರ್ ಕುಡಿಯುತ್ತಿರುತ್ತದೆ, ಅಂದರೆ ಮಲಗಿದ ಚಿಪ್ಪಿಗಿಂತ 250 ಪಟ್ಟು. 2500 ಮಿಲಿಆಂಪಿಯರ್ ಅವರ್‌ನ ಒಂದು ಲಿಥಿಯಂ ಸೆಲ್ 500 ಗಂಟೆಯಲ್ಲಿ, ಸುಮ್ಮನೆ ಕೂತೇ ಖಾಲಿ. ಮೇಜಿನ ಮೇಲೆ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಆಡಲು ಆ ಬೋರ್ಡ್ ಚೆನ್ನಾಗಿದೆ. ದಿಬ್ಬದ ಮೇಲಿನ ಟ್ಯಾಂಕಿಗೆ ಅದು ಹೇಳಿಸಿದ್ದಲ್ಲ. ನಮ್ಮ ಕೆಲಸಕ್ಕೆ ಹೊಂದುವ ಬೋರ್ಡ್ ಬೇಕಾದರೆ ನಾವೇ ಮಾಡಿಕೊಳ್ಳಬೇಕಿತ್ತು.

ರೆಡಿ ಬೋರ್ಡ್ ಬಿಟ್ಟು ಆ ಚಿಪ್ ಇರುವ ಬರೀ ಮಾಡ್ಯೂಲ್, ಅಂದರೆ ಇಎಸ್‌ಪಿ-12ಎಫ್, ತಂದರೆ ಇನ್ನೊಂದು ತೊಡಕು. ಅದರ ಅಂಚಿನ ಪ್ಯಾಡುಗಳ ನಡುವೆ 2 ಮಿಲಿಮೀಟರ್ ಅಂತರ. ನಾವು ಪ್ರಯೋಗ ಮಾಡುವ ಬ್ರೆಡ್‌ಬೋರ್ಡಿನ ತೂತುಗಳ ನಡುವೆ 2.54 ಮಿಲಿಮೀಟರ್. ಮೊದಲ ಕಾಲು ಸರಿಯಾಗಿ ಕೂತರೂ ಎಂಟನೆಯದಕ್ಕೆ ಬರುವಷ್ಟರಲ್ಲಿ ಸುಮಾರು 3.8 ಮಿಲಿಮೀಟರ್ ಆಚೀಚೆ ಆಗಿರುತ್ತದೆ. ಆದ್ದರಿಂದ ಒಂದು ಅಡಾಪ್ಟರ್ ಬೋರ್ಡ್: ಒಳಗಡೆ ಮಾಡ್ಯೂಲಿನ ಅಳತೆ, ಹೊರಗಡೆ ಬ್ರೆಡ್‌ಬೋರ್ಡಿನ ಅಳತೆ, ನಡುವೆ ತಾಮ್ರದ ಪಟ್ಟಿಗಳು. ಜತೆಗೆ ಚಿಪ್ ಎಚ್ಚರಗೊಳ್ಳಲು ಬೇಕಾದ 10 ಕಿಲೋಓಮ್ ರೆಸಿಸ್ಟರುಗಳು, ವೈಫೈ ಹೊತ್ತಿದಾಗ ಒಮ್ಮೆಲೇ ಎಳೆಯುವ ಕರೆಂಟಿಗೆ ಆಸರೆಯಾಗಿ ಒಂದು ದೊಡ್ಡ ಕೆಪಾಸಿಟರ್, ಕೆಲವೇ ಮೈಕ್ರೋಆಂಪಿಯರ್ ಸಾಕೆನ್ನುವ ಎಚ್‌ಟಿ7833 ರೆಗ್ಯುಲೇಟರ್. ಇಷ್ಟೇ ನಮ್ಮ ಬೋರ್ಡ್.

ನಕ್ಷೆ ಬರೆದದ್ದು ಕಿಕ್ಯಾಡ್ ಎಂಬ ಉಚಿತ ತಂತ್ರಾಂಶದಲ್ಲಿ. 1992ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಜಾನ್ ಪಿಯರ್ ಶರಾ ಎಂಬ ಅಧ್ಯಾಪಕರು ಶುರು ಮಾಡಿದ್ದು, ಆಮೇಲೆ ಯುರೋಪಿನ ಸರ್ನ್ ಸಂಶೋಧನಾ ಸಂಸ್ಥೆಯೂ ಕೈಜೋಡಿಸಿ ಬೆಳೆಸಿದ್ದು. ಲಕ್ಷಗಟ್ಟಲೆ ಬೆಲೆಯ ತಂತ್ರಾಂಶದಲ್ಲಿ ಆಗುವ ಕೆಲಸದ ಬಹುಪಾಲು ಇದರಲ್ಲಿ ಬಿಟ್ಟಿಯಾಗಿ ಆಗುತ್ತದೆ. ಡಿಪ್ಲೊಮಾ ಹುಡುಗಿಯರು ಇದನ್ನು ತಾವೇ ಕಲಿತು ಮೇಷ್ಟ್ರಿಗೂ ಕಲಿಸಿದರು. ಬೋರ್ಡ್ ಮಾಡಿಕೊಡುವವರು ಒಂದೇ ಒಂದನ್ನು ಮಾಡುವುದಿಲ್ಲ, ಕನಿಷ್ಠ ಐದೋ ಹತ್ತೋ ತೆಗೆದುಕೊಳ್ಳಬೇಕು. ಐದಕ್ಕೂ ಹತ್ತಕ್ಕೂ ದರದಲ್ಲಿ ಹೆಚ್ಚು ಅಂತರವಿಲ್ಲ, ಸಾಗಣೆಯದೇ ಭಾರ. ಒಬ್ಬನಿಗೆ ಅದು ದಂಡ, ಆರು ಜನ ಹಂಚಿಕೊಂಡರೆ ಹಗುರ. ಎಲ್ಲರೂ ದುಡ್ಡು ಹಾಕಿದ್ದರಿಂದ ಪ್ರತಿಯೊಬ್ಬರಿಗೂ ಅದು ನಮ್ಮದು ಎನಿಸಿತು.

ಬೋರ್ಡುಗಳು ಬಂದ ದಿನ ನಾನೊಂದು ಹಟ ಹಿಡಿದೆ: ಐರನ್ ಬಿಸಿ ಮಾಡುವ ಮೊದಲು ಒಬ್ಬೊಬ್ಬರು ಒಂದೊಂದು ಬಿಡಿಭಾಗದ ಡೇಟಾಶೀಟ್ ಗಟ್ಟಿಯಾಗಿ ಓದಬೇಕು, ಉಳಿದವರು ಬೋರ್ಡ್ ನೋಡಿ ತಾಳೆ ಹಾಕಬೇಕು. ಕಾರ್ಖಾನೆಯಲ್ಲಿ ಮಾಡಿದವರೇ ತಪಾಸಣೆ ಮಾಡುವ ಹಾಗಿರಲಿಲ್ಲ, ಆ ಅಭ್ಯಾಸ ನನ್ನದು. ಕಿರಿಯ ಹುಡುಗಿಗೆ ರೆಗ್ಯುಲೇಟರಿನ ಹಾಳೆ ಬಂತು. ಓದುತ್ತಾ ಓದುತ್ತಾ ನಿಂತಳು. ಎಎಂಎಸ್1117ರಲ್ಲಿ ನಡುವಿನ ಕಾಲು ಔಟ್‌ಪುಟ್. ನಾವು ತರಿಸಿದ ಎಚ್‌ಟಿ7833ರಲ್ಲಿ ನಡುವಿನದು ಇನ್‌ಪುಟ್. ನಕ್ಷೆ ಬರೆಯುವಾಗ ಎಲ್ಲರ ತಲೆಯಲ್ಲಿದ್ದದ್ದು ಹಳೆಯದೇ. ಬೋರ್ಡಿನ ಚಿತ್ರವನ್ನು ಕಂಪ್ಯೂಟರಿನಲ್ಲಿ ತಿರುಗಿಸಿ ತಿರುಗಿಸಿ ಎಲ್ಲರೂ ಮೆಚ್ಚಿದ್ದೆವು, ಆ ಒಂದು ಹಾಳೆಯನ್ನು ಯಾರೂ ತೆರೆದಿರಲಿಲ್ಲ. ಹಾಗೇ ಬ್ಯಾಟರಿ ಕೊಟ್ಟಿದ್ದರೆ ಬ್ಯಾಟರಿಯ ವೋಲ್ಟೇಜು ಬೇಡದ ಕಡೆಗೆ ನುಗ್ಗುತ್ತಿತ್ತು.

ಹುಡುಗರ ಮುಖ ಸಪ್ಪಗಾಯಿತು. ನನಗೆ ಮಾತ್ರ ಇದು ಪರಿಚಯದ ಕೆಲಸ. ಬ್ಲೇಡಿನ ಮೂಲೆಯಿಂದ ಎರಡು ತಾಮ್ರದ ಪಟ್ಟಿ ಕತ್ತರಿಸಿ, ಮೇಲಿನ ಹಸಿರು ಲೇಪ ಕೆರೆದು, ಅಂಗಡಿಯಲ್ಲಿದ್ದ ಮೋಟರ್ ವೈಂಡಿಂಗಿನ ತೆಳು ತಂತಿಯಿಂದ ಎರಡನ್ನೂ ಅದಲು ಬದಲು ಜೋಡಿಸಿದೆ. ಮೊದಲು ಮೀಟರ್ ಇಟ್ಟು ಕತ್ತರಿಸಿದ ಕಡೆ ಸಂಪರ್ಕ ಪೂರ್ತಿ ತಪ್ಪಿದೆಯೇ ನೋಡಬೇಕು. ಕಣ್ಣಿಗೆ ಕಾಣದ ಒಂದು ಎಳೆ ತಾಮ್ರ ಉಳಿದರೂ ಸಾಕು, ಕೆಟ್ಟಿತು. ಒಂದನ್ನು ನಾನು ಮಾಡಿ ತೋರಿಸಿದೆ, ಮಿಕ್ಕವನ್ನು ಹುಡುಗಿಯರು ಮಾಡಿದರು. ಈಗ ಆ ಇಬ್ಬರಿಗೆ ರೆಗ್ಯುಲೇಟರಿನ ಕಾಲುಗಳ ಬಗ್ಗೆ ಯಾವ ಪರೀಕ್ಷೆಯಲ್ಲಿ ಕೇಳಿದರೂ ಉತ್ತರ ತಪ್ಪುವುದಿಲ್ಲ.

ಬೆಸುಗೆಯ ಬಗ್ಗೆಯೂ ಹೇಳಬೇಕು, ಏಕೆಂದರೆ ವಿಡಿಯೊ ನೋಡಿ ಕಲಿತವರ ಕೈ ನೋಡಿದ್ದೇನೆ. ಅವರು ಸಾಲ್ಡರನ್ನು ಐರನ್ನಿನ ತುದಿಯ ಬಿಟ್ ಮೇಲೆ ಕರಗಿಸಿ ತಂದು ಕಾಲಿಗೆ ಮೆತ್ತುತ್ತಾರೆ. ಹಾಗೆ ಒಯ್ಯುವಷ್ಟರಲ್ಲಿ ಫ್ಲಕ್ಸ್ ಸುಟ್ಟು ಹೋಗಿರುತ್ತದೆ, ಲೋಹ ತಾಮ್ರವನ್ನು ಹಿಡಿಯುವುದಿಲ್ಲ. ಬಿಟ್ ಏಕಕಾಲಕ್ಕೆ ಕಾಲಿಗೂ ಪ್ಯಾಡಿಗೂ ತಾಗಬೇಕು, ಎರಡೂ ಬಿಸಿಯಾದ ಮೇಲೆ ಸಾಲ್ಡರನ್ನು ಆ ಸಂದಿಗೆ ಊಡಬೇಕು, ಮೊದಲು ಸಾಲ್ಡರ್ ತೆಗೆಯಬೇಕು, ಆಮೇಲೆ ಐರನ್. ಮಾಡ್ಯೂಲಿಗಾದರೆ ಮೊದಲು ಎದುರು ಬದುರಿನ ಎರಡು ಮೂಲೆಗೆ ಚುಕ್ಕೆ ಹಾಕಿ ನಿಲ್ಲಿಸಿ, ಎಲ್ಲ ಪ್ಯಾಡೂ ನೆಟ್ಟಗೆ ಕೂತಿದೆಯೇ ನೋಡಿ ಮುಂದುವರಿಯಬೇಕು. ರೆಸಿಸ್ಟರುಗಳು ಎಳ್ಳಿನಷ್ಟು, 2 ಮಿಲಿಮೀಟರ್ ಉದ್ದ. ಚಿಮಟದಲ್ಲಿ ಹಿಡಿದು ಉಸಿರು ಬಿಗಿಹಿಡಿದು ಕೂರಿಸಬೇಕು.

ಒಂದು ಬೋರ್ಡ್ ಕೆಲವೊಮ್ಮೆ ಏಳುತ್ತಿತ್ತು, ಕೆಲವೊಮ್ಮೆ ಇಲ್ಲ. ತೋಟದ ಹುಡುಗ ಮೀಟರ್ ಇಟ್ಟ ಕಡೆಯೆಲ್ಲ ಬೀಪ್ ಎನ್ನುತ್ತಿತ್ತು. ಡ್ರೈ ಸಾಲ್ಡರ್ ಮೋಸ ಮಾಡುವುದೇ ಹೀಗೆ. ಮೀಟರಿನ ಮೊನೆ ಕಾಲನ್ನು ಒತ್ತಿದಾಗ ಆ ಒತ್ತಡಕ್ಕೇ ಅದು ಪ್ಯಾಡನ್ನು ತಾಗುತ್ತದೆ, ಮೊನೆ ತೆಗೆದರೆ ಬಿಡುತ್ತದೆ. ಕಾಲಿನ ಮೇಲೆ ಇಡಬೇಡ, ಅದೇ ಪಟ್ಟಿಯ ಇನ್ನೊಂದು ತುದಿಯಲ್ಲಿ ಇಡು ಎಂದೆ. ಜಿಪಿಐಒ15 ಎಂಬ ಕಾಲನ್ನು ಗ್ರೌಂಡಿಗೆ ಹಿಡಿದಿಡುವ ರೆಸಿಸ್ಟರಿನ ಹತ್ತಿರ ಬೀಪ್ ನಿಂತಿತು. ಸ್ವಲ್ಪ ಫ್ಲಕ್ಸ್ ಹಚ್ಚಿ ಇನ್ನೊಮ್ಮೆ ಕರಗಿಸಿದ, ಬೋರ್ಡ್ ಎದ್ದಿತು. ಪಕ್ಕದಲ್ಲಿ ಕೂತವರು ಹೇಳದ ಹೊರತು ಇದು ಯಾರಿಗೂ ಸುಲಭಕ್ಕೆ ಹೊಳೆಯುವುದಿಲ್ಲ. ನನಗೂ ನನ್ನ ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ಹಿರಿಯ ಸಹೋದ್ಯೋಗಿಯೇ ಹೇಳಿಕೊಟ್ಟದ್ದು.

ಆಗ ನಮ್ಮ ಕೈಯಲ್ಲಿ ಏನು ಹಾದುಹೋಗುತ್ತಿತ್ತು ಎನ್ನುವುದು ಇಂದಿನವರಿಗೆ ಗೊತ್ತಿರಲಿಕ್ಕಿಲ್ಲ. 1984ರಲ್ಲಿ ಶುರುವಾದ ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ಹಳ್ಳಿಗಳಿಗೆಂದೇ 128 ಲೈನಿನ ಟೆಲಿಫೋನ್ ಎಕ್ಸ್‌ಚೇಂಜ್ ರೂಪಿಸಿತು. ಎಸಿ ಇಲ್ಲದೆ, ನಮ್ಮ ಧೂಳು ಸೆಕೆಯಲ್ಲೇ ನಡೆಯಬೇಕು ಎಂದು ಮಾಡಿದ್ದು. ಅದರಲ್ಲಿ ಮೊದಲನೆಯದು 1986ರಲ್ಲಿ ಕೆಲಸ ಶುರು ಮಾಡಿದ್ದು ನಮ್ಮ ಕಿತ್ತೂರಿನಲ್ಲಿ. ಅಂಥ ಬೋರ್ಡುಗಳ ಹಿಂದೆ ಸಾಲಾಗಿ ಕೂತು ಬೆಸುಗೆ ಹಾಕಿದ ಹೆಂಗಸರ ಕೈಗಳಿದ್ದವು. ದೇಶದ ಮೂಲೆಮೂಲೆಗೆ ಫೋನ್ ಮುಟ್ಟಿದ ಕಥೆ ಬರೆಯುವಾಗ ಆ ಕೈಗಳ ಹೆಸರು ಯಾರೂ ಬರೆಯಲಿಲ್ಲ. ಐಟಿಐ, ಬಿಇಎಲ್‌ಗಳಿಂದ ನಿವೃತ್ತರಾದ ಅಂಥವರು ಬೆಂಗಳೂರು, ಮೈಸೂರು, ತುಮಕೂರುಗಳಲ್ಲಿ ಈಗಲೂ ಇದ್ದಾರೆ. ಕಣ್ಣು ಮಂಜಾಗುವ ಮೊದಲು ಅವರನ್ನು ಕೂರಿಸಿ ಕಲಿಸಿಕೊಳ್ಳಬೇಕು.

ಈಗೆಲ್ಲ ಯಂತ್ರಗಳೇ ಬಿಡಿಭಾಗ ಕೂರಿಸುತ್ತವೆ, ಕೈಬೆಸುಗೆ ಯಾರಿಗೆ ಬೇಕು ಎನ್ನುವವರಿದ್ದಾರೆ. ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ಮಾಡುವಾಗ ಯಂತ್ರ ಸರಿ. ಮೊದಲ ಬೋರ್ಡ್ ಮಾಡುವಾಗ, ಕೆಟ್ಟದ್ದನ್ನು ಸರಿಪಡಿಸುವಾಗ ಕೈಯೇ ಬೇಕು. ಉಪಗ್ರಹಗಳಿಗೆ ಹೋಗುವ ಬೋರ್ಡುಗಳಿಗೂ ತರಬೇತಿ ಪಡೆದು ಪ್ರಮಾಣಪತ್ರ ಗಳಿಸಿದವರು ಇಂದಿಗೂ ಕೈಯಿಂದ ಬೆಸುಗೆ ಹಾಕುತ್ತಾರೆ.

ಸರ್ಕಾರಕ್ಕೆ ಈ ವಿಷಯದಲ್ಲಿ ಮನಸ್ಸಿಲ್ಲ ಎಂದು ನಾನು ಹೇಳುವುದಿಲ್ಲ. ಚಿಪ್ ಉದ್ಯಮಕ್ಕೆಂದು 2021ರ ಡಿಸೆಂಬರಿನಲ್ಲಿ ಕೇಂದ್ರ 76,000 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2016ರಲ್ಲಿ ಶುರುವಾದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನವಿದೆ. ಮುಂದಿನ ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಲ್ಲಿ ಇನ್ನೂ 50,000 ಲ್ಯಾಬ್ ತೆರೆಯುವುದಾಗಿ 2025ರ ಬಜೆಟ್ಟಿನಲ್ಲಿ ಘೋಷಣೆಯಾಯಿತು. ನನಗೆ ಸಂತೋಷವೇ. ಆದರೆ ನಾನು ನೋಡಿದ ಅಂಥದೊಂದು ಲ್ಯಾಬಿನಲ್ಲಿ ಸಾಲ್ಡರಿಂಗ್ ಐರನ್ ಬೀರುವಿನಲ್ಲಿ ಪೆಟ್ಟಿಗೆಯೊಳಗೇ ಇತ್ತು. ಮಕ್ಕಳು ರೆಡಿ ಬೋರ್ಡಿಗೆ ವೈರ್ ಸಿಕ್ಕಿಸಿ ಎಲ್‌ಇಡಿ ಮಿನುಗಿಸುತ್ತಿದ್ದರು. ಸುಟ್ಟುಕೊಂಡರೆ ಯಾರು ಹೊಣೆ ಎಂದು ಶಿಕ್ಷಕರಿಗೆ ಭಯ. ಆ ಭಯ ನಿಜವಾದದ್ದು, ಅವರ ಮೇಲೆ ತಪ್ಪು ಹೊರಿಸಲಾರೆ. ಪಕ್ಕದಲ್ಲಿ ಬಲ್ಲವರು ಕೂತರೆ ಮಾತ್ರ ಅದು ಹೋಗುತ್ತದೆ.

ಅಪಾಯವನ್ನೂ ಮುಚ್ಚಿಡುವುದು ಬೇಡ. ನಾವು ಬಳಸುತ್ತಿದ್ದ ತವರ-ಸೀಸದ ಸಾಲ್ಡರ್ 183 ಡಿಗ್ರಿಗೇ ಕರಗಲು ಶುರುವಾಗುತ್ತದೆ, ಕೈಗೆ ಒಗ್ಗುತ್ತದೆ, ಆದರೆ ಸೀಸ ವಿಷ. ಹೊಗೆಯಲ್ಲಿ ಬರುವುದು ಸೀಸವಲ್ಲ, ಫ್ಲಕ್ಸಿನ ರಾಳ. ಅದು ಉಬ್ಬಸ ತರಿಸಬಲ್ಲದು, ಅದಕ್ಕೆ ಹೊಗೆ ಹೊರಗೆಳೆಯುವ ಫ್ಯಾನ್ ಬೇಕು. ಸೀಸ ಒಳಗೆ ಹೋಗುವುದು ಬೆರಳಿನಿಂದ ಬಾಯಿಗೆ. ಮಕ್ಕಳಿರುವ ಕಡೆ ಸೀಸವಿಲ್ಲದ ಸಾಲ್ಡರನ್ನೇ ಬಳಸಬೇಕು. 217 ಡಿಗ್ರಿ ದಾಟಬೇಕು, ಕಲಿಯುವುದು ತುಸು ಕಷ್ಟ, ಇರಲಿ. ಕೈ ತೊಳೆಯದೆ ಯಾರೂ ತಿಂಡಿ ಮುಟ್ಟಬಾರದು. ನಮ್ಮ ಮಹಡಿಯಲ್ಲಿ ಇರುವುದು ಒಂದು ಕಿಟಕಿ, ನಲ್ಲಿ ಕೆಳಗೆ. ಇನ್ನೂ ನಾಲ್ಕು ಜನ ಬರುತ್ತೇವೆ ಎಂದರೆ ಜಾಗವಿಲ್ಲ ಎಂದು ಹೇಳಬೇಕಾಗಿದೆ.

ಪಾಲಿಟೆಕ್ನಿಕ್ ಲ್ಯಾಬಿನಲ್ಲಿ ಉದ್ದನೆಯ ಮೇಜುಗಳಿವೆ, ಐರನ್, ಪವರ್ ಸಪ್ಲೈ, ಆಸಿಲೋಸ್ಕೋಪ್ ಇವೆ, ಕೈ ತೊಳೆಯಲು ನಲ್ಲಿ ಇದೆ. ಹೆಚ್ಚುಕಡಿಮೆ ಎಲ್ಲ ಜಿಲ್ಲೆಗಳಲ್ಲೂ ಸರ್ಕಾರಿ ಪಾಲಿಟೆಕ್ನಿಕ್ ಇದೆ. ಕಾಲೇಜು ಮತ್ತು ತಾಂತ್ರಿಕ ಶಿಕ್ಷಣ ಇಲಾಖೆ ಒಂದು ಸುತ್ತೋಲೆ ಹೊರಡಿಸಲಿ: ಭಾನುವಾರ ಬೆಳಿಗ್ಗೆ ಹತ್ತರಿಂದ ಎರಡರವರೆಗೆ ಒಂದು ಲ್ಯಾಬ್ ತೆರೆದಿರಬೇಕು, ಬಂದವರು ರಿಜಿಸ್ಟರಿನಲ್ಲಿ ಸಹಿ ಮಾಡಬೇಕು, ಸಾಮಾನು ಅವರವರದೇ ತರಬೇಕು, ಉಪಕರಣ ಕೆಟ್ಟರೆ ಗುಂಪೇ ರಿಪೇರಿ ಮಾಡಿಕೊಡಬೇಕು. ರಜೆಯ ದಿನ ಬರುವ ಲ್ಯಾಬ್ ಸಿಬ್ಬಂದಿಗೆ ಗೌರವಧನ ಕೊಡಲಿ, ಪುಕ್ಕಟೆ ದುಡಿಸುವುದು ಬೇಡ. ಮೇಲ್ವಿಚಾರಣೆಗೆ ನಿವೃತ್ತ ಕೆಲಸಗಾರರನ್ನು ಕರೆಯಲಿ. ತುಮಕೂರಿನ ಲ್ಯಾಬಿಗೆ ನಾನು ಬರುತ್ತೇನೆ. ನನ್ನ ಜತೆ ಅದೇ ಸಾಲಿನಲ್ಲಿ ಕೂತಿದ್ದ ಇಬ್ಬರು ಗೆಳತಿಯರನ್ನು ಕೇಳಿದ್ದೇನೆ, ಒಬ್ಬರು ಒಪ್ಪಿದ್ದಾರೆ, ಇನ್ನೊಬ್ಬರು ಕಣ್ಣಿನ ಆಪರೇಷನ್ ಮುಗಿದ ಮೇಲೆ ಬರುತ್ತೇನೆ ಎಂದಿದ್ದಾರೆ.