ದಫ್ತರದ ಕೀಲಿಕೈ

ಪಾವಗಡ ಸೀಮೆಯ ಹಳ್ಳಿಗಳಲ್ಲಿ ಹಿಂದೆ ಭೂಮಿಯ ಲೆಕ್ಕವೆಲ್ಲವೂ ಶಾನುಭೋಗರ ದಫ್ತರದಲ್ಲಿರುತ್ತಿತ್ತು. ಅದನ್ನು ಯಾರಿಗೆ ತೋರಿಸಬೇಕೆಂಬುದು ಅವರ ಮರ್ಜಿ. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆಯು ಆ ವಂಶಪಾರಂಪರ್ಯದ ಹುದ್ದೆಯನ್ನು ತೆಗೆದುಹಾಕಿತಾದರೂ ದಫ್ತರವು ಗ್ರಾಮಲೆಕ್ಕಿಗರ ಪೆಟ್ಟಿಗೆಯನ್ನು ಸೇರಿತೇ ಹೊರತು ಮರ್ಜಿಯು ಮಾಯವಾಗಲಿಲ್ಲ. 2001ರ ಸುಮಾರಿಗೆ ‘ಭೂಮಿ’ ಯೋಜನೆಯಡಿ ಪಹಣಿಗಳು ಗಣಕಯಂತ್ರವನ್ನು ಹೊಕ್ಕಾಗ ಅದೇ ಪ್ರಶ್ನೆಯು ಮತ್ತೆ ಎದುರಾಯಿತು: ಓದುವವರಾರು, ತಿದ್ದುವವರಾರು?

ಗಣಕಶಾಸ್ತ್ರಜ್ಞರು ಇದಕ್ಕೆ ಮುಖ್ಯವಾಗಿ ಮೂರು ಮಾರ್ಗಗಳನ್ನು ಹೇಳುತ್ತಾರೆ. ಕಡತದ ಒಡೆಯನೇ ತನಗೆ ಬೇಕಾದವರಿಗೆ ಹಕ್ಕು ಕೊಡುವುದು ಒಂದು. ಶಾನುಭೋಗರ ಪದ್ಧತಿಗೂ ಇದಕ್ಕೂ ಹೆಚ್ಚು ದೂರವಿಲ್ಲ. ಗೋಪ್ಯತೆಯ ದರ್ಜೆಗಳನ್ನು ಮೇಲಿನಿಂದಲೇ ವಿಧಿಸಿ, ಒಡೆಯನೂ ಮೀರದಂತೆ ಬಿಗಿಯುವುದು ಇನ್ನೊಂದು. ಅದು ಸೈನ್ಯಕ್ಕೆ ಒಪ್ಪೀತು, ತಾಲ್ಲೂಕು ಕಚೇರಿಗೆ ಒಪ್ಪದು. 1992ರಲ್ಲಿ ಅಮೆರಿಕದ ಫೆರೈಯೊಲೊ ಮತ್ತು ಕುನ್ ಶಾಸ್ತ್ರೀಯವಾಗಿ ನಿರೂಪಿಸಿದ, ಹಕ್ಕನ್ನು ವ್ಯಕ್ತಿಗಲ್ಲದೆ ಹುದ್ದೆಗೆ ಕೊಡುವ ಕ್ರಮವು ಮೂರನೆಯದು. ಕಚೇರಿಗಳಿಗೂ ಶಾಲೆಗಳಿಗೂ ಇದೇ ಯೋಗ್ಯ.

‘ಭೂಮಿ’ಯ ನೌಕರರು ಬೆರಳಚ್ಚು ಒತ್ತಿ ಕೆಲಸ ಆರಂಭಿಸುವ ಏರ್ಪಾಡನ್ನು ಬಹಳವಾಗಿ ಹೊಗಳಲಾಗಿದೆ. ಪಾಸ್‌ವರ್ಡ್ ಎಂಬ ಗುಪ್ತಪದವನ್ನು ಇನ್ನೊಬ್ಬರಿಗೆ ಹೇಳಿಕೊಡಬಹುದು. ಬೆರಳನ್ನು ಎರವಲು ಕೊಡಲಾಗದು. ಆದರೆ ಬೆರಳು ಬಂದವರು ಯಾರೆಂದು ತಿಳಿಸುತ್ತದೆಯೇ ವಿನಾ ಅವರು ಏನು ಮಾಡಬಹುದೆಂಬುದನ್ನಲ್ಲ. ಖಾತೆ ಬದಲಾವಣೆಯನ್ನು ದಾಖಲಿಸುವವರು ಒಬ್ಬರು, ಮಂಜೂರು ಮಾಡುವವರು ಮತ್ತೊಬ್ಬರು ಎಂಬ ವಿಭಜನೆಯೇ ನಿಜವಾದ ಕಾವಲು. ಉಗ್ರಾಣದ ಬೀಗದಕೈ ಒಬ್ಬರಲ್ಲಿ, ದಾಸೋಹದ ಲೆಕ್ಕ ಇನ್ನೊಬ್ಬರಲ್ಲಿ ಇರಬೇಕೆಂಬುದನ್ನು ಮಠಗಳಿಗೆ ಯಾರೂ ಕಲಿಸಬೇಕಾಗಿಲ್ಲ.

ಇದು ಬರಿಯ ಶಾಸ್ತ್ರವಿಚಾರವಲ್ಲ. ತಿರುಮಣಿ, ವಳ್ಳೂರುಗಳ ಸುತ್ತ ಸುಮಾರು 13,000 ಎಕರೆ ಜಮೀನು ಸೌರ ವಿದ್ಯುತ್ತಿಗಾಗಿ ಗುತ್ತಿಗೆಗೆ ಹೋಯಿತು. ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಪಹಣಿಯಲ್ಲಿ ಹೆಸರಿದ್ದವರಿಗೆ ಆ ಹಣ, ಹೆಸರಿಲ್ಲದ ಕೂಲಿಕಾರರಿಗೆ ಇಲ್ಲ. ಅಲ್ಲಿ ಒಂದು ಹೆಸರಿನ ತಿದ್ದುಪಡಿಯೆಂದರೆ ಒಂದು ಮನೆಯ ಅನ್ನ. ಪಹಣಿಯನ್ನು ಓದಲು ಎಲ್ಲರಿಗೂ ಬಿಟ್ಟಿರುವುದನ್ನು ಆಕ್ಷೇಪಿಸುವವರಿದ್ದಾರೆ. ಆದರೆ ತಪ್ಪು ತಿದ್ದುಪಡಿಯು ನೆರೆಯವರ ಕಣ್ಣಿಗೂ ಬೀಳುವುದು ರೈತನಿಗೆ ಲಾಭವೇ.

ಶಾಲೆಗಳಲ್ಲಿಯೂ ಅಂಕಗಳು, ಜನ್ಮದಿನಾಂಕಗಳು ಈಗ ಗಣಕಯಂತ್ರದಲ್ಲಿವೆ. ಮುಖ್ಯೋಪಾಧ್ಯಾಯರ ಗುಪ್ತಪದವನ್ನು ಕಚೇರಿಯವರೆಲ್ಲ ಬಲ್ಲರೆಂದಾದರೆ ದಫ್ತರವು ಪುನಃ ಮರ್ಜಿಯ ಕೈಗೆ ಬಂದಂತೆಯೇ. ಉಪಾಧ್ಯಾಯರಿಗೆ ತಮ್ಮ ವಿಷಯದ ಪುಟ ಮಾತ್ರ ತೆರೆಯಲಿ. ಜನ್ಮದಿನಾಂಕದ ತಿದ್ದುಪಡಿಗೆ ಎರಡನೆಯವರ ಒಪ್ಪಿಗೆಯಿರಲಿ. ನಿವೃತ್ತರಾದವರ ಹಕ್ಕು ಬೀಳ್ಕೊಡುಗೆಯ ದಿನವೇ ರದ್ದಾಗಲಿ. ಹಾರ ತುರಾಯಿಗಳ ಸಂಭ್ರಮದಲ್ಲಿ ಮರೆತುಹೋಗುವುದು ಸಾಮಾನ್ಯವಾಗಿ ಇದೇ.