ಪದಕ ಬಳ್ಳಾರಿ ರಸ್ತೆಗೆ, ರೋಗಿಗಳ ಸಾಲು ಹೊಸೂರು ರಸ್ತೆಗೆ

ಮೈಸೂರು, ಮಂಡ್ಯ ಕಡೆಯ ಮನೆಗಳಲ್ಲಿ ತಲೆಸ್ನಾನ ಅಂದ್ರೆ ಹಂಡೆಯಲ್ಲಿ ನೀರು ಕಾಯಿಸಿ ಚೊಂಬಿನ ಮೇಲೆ ಚೊಂಬು ತಲೆಗೆ ಸುರಿಯೋದು. ಹಾಗೆ ಬಿಸಿನೀರು ಬೀಳುತ್ತಿರುವಾಗಲೇ ಕೆಲವರಿಗೆ ಕಣ್ಣು ಮೇಲಕ್ಕೆ ಸಿಕ್ಕಿಕೊಂಡು, ಮಾತು ನಿಂತು, ಫಿಟ್ಸ್ ಬರುತ್ತದೆ. ಮನೆಯವರು ದೆವ್ವ ಅಂದುಕೊಂಡಿದ್ದೂ ಇದೆ, ಬಚ್ಚಲಿನ ದೋಷ ಅಂದುಕೊಂಡಿದ್ದೂ ಇದೆ. ಇದೊಂದು ಪ್ರತ್ಯೇಕ ಬಗೆಯ ಮೂರ್ಛೆರೋಗ, ನೀರು ಉಗುರುಬೆಚ್ಚಗಿದ್ದರೆ ಬಹುಪಾಲು ತಡೆಯಬಹುದು, ಅಷ್ಟಕ್ಕೂ ನಿಲ್ಲದಿದ್ದರೆ ಮಾತ್ರೆ ಇದೆ ಎಂದು ಸಾಧಿಸಿ ತೋರಿಸಿದ್ದು ಬೆಂಗಳೂರಿನ ವೈದ್ಯರು. ಕೆ.ಎಸ್. ಮಣಿ 1970ರ ದಶಕದ ಆರಂಭದಲ್ಲೇ ಈ ಬಗ್ಗೆ ಬರೆದರು. ನಿಮ್ಹಾನ್ಸ್‌ನ ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 1988ರಲ್ಲಿ 279 ರೋಗಿಗಳ ವಿವರ ಪ್ರಕಟಿಸಿದರು. ಇವತ್ತು ಜಗತ್ತಿನ ಯಾವ ಮೂಲೆಯ ನರರೋಗ ತಜ್ಞರು ಈ ಕಾಯಿಲೆಯ ಬಗ್ಗೆ ಓದಿದರೂ ದಕ್ಷಿಣ ಕರ್ನಾಟಕದ ಬಚ್ಚಲುಮನೆಗೆ ಬರಲೇಬೇಕು.

ಇದು ವಿಜ್ಞಾನವೋ, ಬರೀ ಡಾಕ್ಟರಿಕೆಯೋ? ನಮ್ಮ ಪ್ರಶಸ್ತಿಗಳನ್ನು ಕೇಳಿದರೆ ಉತ್ತರ ಅಷ್ಟು ಸಲೀಸಾಗಿ ಸಿಗಲ್ಲ.

ಜೀವವಿಜ್ಞಾನದಲ್ಲಿ ಈಗ ದೇಶದ ದೊಡ್ಡ ಪ್ರಶಸ್ತಿ ಯಾವುದು ಅಂದ್ರೆ ಹೆಚ್ಚಿನವರು ಹೇಳುವುದು ಇನ್ಫೋಸಿಸ್ ಪ್ರಶಸ್ತಿಯ ಹೆಸರನ್ನು. ಒಂದು ಲಕ್ಷ ಡಾಲರ್, ಚಿನ್ನದ ಪದಕ. 2009ರಿಂದ 2025ರವರೆಗೆ ಜೀವವಿಜ್ಞಾನ ವಿಭಾಗದಲ್ಲಿ 17 ಮಂದಿಗೆ ಸಂದಿದೆ. ಅವರಲ್ಲಿ ಐವರು ಒಂದೇ ಕ್ಯಾಂಪಸ್ಸಿನವರು: ಬಳ್ಳಾರಿ ರಸ್ತೆಯ ಜಿಕೆವಿಕೆ ಒಳಗಿರುವ ಎನ್‌ಸಿಬಿಎಸ್. ಕೆ. ವಿಜಯರಾಘವನ್, ಸತ್ಯಜಿತ್ ಮೇಯರ್, ಉಪಿಂದರ್ ಭಲ್ಲಾ, ಮಹೇಶ್ ಶಂಕರನ್, ಈಗ 2025ರಲ್ಲಿ ಅಂಜನಾ ಬದ್ರಿನಾರಾಯಣನ್. ಬ್ಯಾಕ್ಟೀರಿಯಾದ ಡಿಎನ್‌ಎಗೆ ಪೆಟ್ಟು ಬಿದ್ದಾಗ ಜೀವಕೋಶ ಅದನ್ನು ಹೇಗೆ ರಿಪೇರಿ ಮಾಡಿಕೊಳ್ಳುತ್ತದೆ ಎಂಬುದು ಅಂಜನಾ ಅವರ ಪ್ರಶ್ನೆ. ಆಂಟಿಬಯೋಟಿಕ್‌ಗಳು ಕೈಕೊಡುತ್ತಿರುವ ಕಾಲದಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ಶುಭಾ ತೋಳೆ, ಗಗನ್‌ದೀಪ್ ಕಾಂಗ್, ಮಂಜುಳಾ ರೆಡ್ಡಿ, ವಿದಿತಾ ವೈದ್ಯ ಅವರನ್ನೂ ಸೇರಿಸಿಕೊಂಡರೆ ಮಹಿಳೆಯರೂ ಐವರು. ಪಟ್ಟಿ ಕಳಪೆ ಅಂತ ಯಾರೂ ಹೇಳಲಾರರು. ನಾನಂತೂ ಹೇಳಲ್ಲ.

ಆದರೆ ಅದೇ ಪಟ್ಟಿಯನ್ನು ಇನ್ನೊಂದು ಕಣ್ಣಿನಿಂದ ನೋಡಿ. ಆಸ್ಪತ್ರೆಯೊಳಗೆ, ರೋಗಿಗಳ ನಡುವೆ ಕೂತು ಸಂಶೋಧನೆ ಕಟ್ಟಿದವರು ಎಷ್ಟು ಜನ? ಸ್ಪಷ್ಟವಾಗಿ ಕಾಣುವುದು ಒಂದೇ ಹೆಸರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಮಕ್ಕಳ ವಾಂತಿಭೇದಿ, ರೋಟಾವೈರಸ್ ಬಗ್ಗೆ ವರ್ಷಗಟ್ಟಲೆ ದುಡಿದ ಗಗನ್‌ದೀಪ್ ಕಾಂಗ್. ನಿಮ್ಹಾನ್ಸ್ ಇಲ್ಲ, ಕಿದ್ವಾಯಿ ಇಲ್ಲ, ಜಯದೇವ ಇಲ್ಲ. ಡೈರಿ ಸರ್ಕಲ್ ಸುತ್ತಮುತ್ತ, ಜಯನಗರ, ಬಿಟಿಎಂ ಲೇಔಟ್‌ಗೆ ಅಂಟಿಕೊಂಡಂತೆ ಇರುವ ಈ ಮೂರು ಸಾರ್ವಜನಿಕ ಸಂಸ್ಥೆಗಳಿಗೆ ಬೀದರ್‌ನಿಂದ ಚಾಮರಾಜನಗರದವರೆಗಿನ ಜನ ಚೀಲ, ಚಾಪೆ, ಹಳೇ ರಿಪೋರ್ಟುಗಳ ಕಟ್ಟು ಹಿಡಿದು ಬರುತ್ತಾರೆ. ಒಂದು ವಿಚಿತ್ರ ನೋಡಿ: ಇನ್ಫೋಸಿಸ್ ಫೌಂಡೇಶನ್ 2021ರಲ್ಲಿ ಬನ್ನೇರುಘಟ್ಟ ರಸ್ತೆಯ ಜಯದೇವಕ್ಕೆ 350 ಹಾಸಿಗೆಗಳ ಕಟ್ಟಡ ಕಟ್ಟಿಸಿಕೊಟ್ಟಿತು. ಪ್ರಶಸ್ತಿ ಕೊಡುವ ಸೈನ್ಸ್ ಫೌಂಡೇಶನ್ ಬೇರೆ ಟ್ರಸ್ಟು, ನಿಜ. ಆದರೂ ಹೆಸರಿನ ಮೂಲ ಒಂದೇ. ದಕ್ಷಿಣಕ್ಕೆ ಹಾಸಿಗೆ, ಉತ್ತರಕ್ಕೆ ಪದಕ.

ಇದು ಯಾರದೋ ಪಕ್ಷಪಾತ ಅಂತಲ್ಲ. ಪ್ರಶಸ್ತಿಯ ಅಚ್ಚೇ ಹಾಗಿದೆ. ಒಂದು ಹೆಸರು ಬೇಕು, ಒಂದು ಸ್ಪಷ್ಟ ಆವಿಷ್ಕಾರ ಬೇಕು, ವಯಸ್ಸು ಕಡಿಮೆಯಿರಬೇಕು. ಮೊದಲು 50 ವರ್ಷದವರೆಗೆ ಅವಕಾಶವಿತ್ತು, 2024ರಿಂದ ಇನ್ಫೋಸಿಸ್ ಪ್ರಶಸ್ತಿಯ ಮಿತಿ 40. ಪ್ರತಿಭೆಯನ್ನು ಬೇಗ ಗುರುತಿಸಬೇಕು ಎಂಬ ವಾದ ಲ್ಯಾಬ್ ವಿಜ್ಞಾನಿಗಳ ಮಟ್ಟಿಗೆ ಒಪ್ಪುವಂಥದ್ದೇ. ವೈದ್ಯ ಸಂಶೋಧಕರ ಲೆಕ್ಕ ಹಾಕಿ ನೋಡಿ. ಎಂಬಿಬಿಎಸ್ ಐದೂವರೆ ವರ್ಷ, ಎಂಡಿ ಮೂರು, ಡಿಎಂ ಮೂರು. ಎಲ್ಲೂ ಒಂದು ವರ್ಷ ಕಳೆಯದೆ ಓದಿದರೂ 30 ದಾಟುತ್ತದೆ, ನೀಟ್ ಪಿಜಿಗೆ ಎರಡು ಸಲ ಕೂತವರ ಪಾಡು ಹೇಳೋದೇ ಬೇಡ. ಆಮೇಲೆ ಒಪಿಡಿ, ವಾರ್ಡು, ಪಾಠ. ಸಂಶೋಧನೆ ಉಳಿದ ಹೊತ್ತಿನಲ್ಲಿ. ಸಾವಿರಾರು ಜನರನ್ನು ಐದು, ಹತ್ತು ವರ್ಷ ಹಿಂಬಾಲಿಸಿ ಉತ್ತರ ಹುಡುಕುವ ಅಧ್ಯಯನ ಮುಗಿಯುವಷ್ಟರಲ್ಲಿ ಅವರು ಮಿತಿ ದಾಟಿ ಎಷ್ಟೋ ಕಾಲವಾಗಿರುತ್ತದೆ.

ಯಳಂದೂರಿನ ಕಥೆ ಇದಕ್ಕೆ ಒಳ್ಳೆ ಉದಾಹರಣೆ. ಅದೇ ಕೆ.ಎಸ್. ಮಣಿ ಮತ್ತು ಅವರ ತಂಡ ಈಗಿನ ಚಾಮರಾಜನಗರ ಜಿಲ್ಲೆಯ ಯಳಂದೂರಿನಲ್ಲಿ ಮನೆಮನೆ ಸಮೀಕ್ಷೆ ಮಾಡಿತು, ಸುಮಾರು 65 ಸಾವಿರ ಜನಸಂಖ್ಯೆಯಲ್ಲಿ. ನಿಮ್ಮ ಮನೇಲಿ ಯಾರಿಗಾದರೂ ಫಿಟ್ಸ್ ಬರುತ್ತಾ ಅಂತ ಕೇಳೋದು ಸುಲಭದ ಕೆಲಸ ಅಲ್ಲ. ಮದುವೆಗೆ ಬಂದ ಮಗಳಿದ್ದರೆ ಯಾವ ತಾಯಿ ಹೌದು ಅಂತಾಳೆ? ಹಾಗೆ ಪತ್ತೆಯಾದ ರೋಗಿಗಳಿಗೆ ಫಿನೋಬಾರ್ಬಿಟೋನ್, ಫೆನಿಟಾಯಿನ್ ಎಂಬ ಹಳೆಯ, ಅಗ್ಗದ ಮಾತ್ರೆಗಳನ್ನು ಕೊಟ್ಟು ವರ್ಷಗಟ್ಟಲೆ ಹಿಂಬಾಲಿಸಿದರು. ಹಳ್ಳಿಯಲ್ಲೇ, ಕಡಿಮೆ ಖರ್ಚಿನಲ್ಲಿ ಕಾಯಿಲೆಯನ್ನು ಹತೋಟಿಗೆ ತರಬಹುದು, ಫಿಟ್ಸ್ ಕೆಲವೇ ಸಲ ಬಂದಿರುವಾಗಲೇ ಚಿಕಿತ್ಸೆ ಶುರುವಾದರೆ ಫಲ ಹೆಚ್ಚು ಎಂಬುದು ಫಲಿತಾಂಶ. ಲ್ಯಾನ್ಸೆಟ್‌ನಲ್ಲಿ ಪ್ರಕಟವಾದದ್ದು 2001ರಲ್ಲಿ. ಹೊಸ ಅಣು ಇಲ್ಲ, ಪೇಟೆಂಟ್ ಇಲ್ಲ. ಬಡದೇಶಗಳ ಮೂರ್ಛೆರೋಗಿಗಳಿಗೆ ಇದಕ್ಕಿಂತ ದೊಡ್ಡ ಸುದ್ದಿ ಏನಿತ್ತು?

1990ರ ದಶಕದಲ್ಲೇ ಎಂ. ಗೌರಿದೇವಿ ನೇತೃತ್ವದ ನಿಮ್ಹಾನ್ಸ್ ತಂಡ ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ 1,02,557 ಜನರ ನರರೋಗ ಸಮೀಕ್ಷೆ ಮಾಡಿತು. ಮೂರ್ಛೆರೋಗ ನಗರದಲ್ಲಿ ಸಾವಿರಕ್ಕೆ 5.7, ಹಳ್ಳಿಗಳಲ್ಲಿ 11.9. ಎರಡು ಪಟ್ಟು! ನರರೋಗ ತಜ್ಞರು ಕೂತಿರುವುದು ಎಲ್ಲಿ, ರೋಗಿಗಳಿರುವುದು ಎಲ್ಲಿ ಎಂಬುದಕ್ಕೆ ಇದಕ್ಕಿಂತ ಖಡಕ್ ಪುರಾವೆ ಬೇಕಾ? ಮುಂದೆ ನಿಮ್ಹಾನ್ಸ್ ನಿರ್ದೇಶಕಿಯೂ ಆದ ಗೌರಿದೇವಿ ಅವರ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಕಿದ್ವಾಯಿಗೆ ಬನ್ನಿ. 1982ರಿಂದ ಬೆಂಗಳೂರಿನ ಕ್ಯಾನ್ಸರ್ ನೋಂದಣಿ ನಡೆಯುತ್ತಿರುವುದು ಅಲ್ಲಿಂದ. ದೇಶದಲ್ಲಿ ಐಸಿಎಂಆರ್ ಈ ಯೋಜನೆ ಶುರುಮಾಡಿದಾಗ ಮುಂಬೈ, ಚೆನ್ನೈ ಜೊತೆಗೆ ಆಯ್ಕೆಯಾದ ಮೂರನೇ ನಗರ ನಮ್ಮದು. ಸಿಬ್ಬಂದಿ ಆಸ್ಪತ್ರೆ, ಲ್ಯಾಬು, ಮರಣ ನೋಂದಣಿ ಕಚೇರಿಗಳಿಗೆ ಅಲೆದು ಒಂದೊಂದೇ ಕೇಸ್ ಹೆಕ್ಕಿ ತರುತ್ತಾರೆ, ಒಬ್ಬರೇ ರೋಗಿ ಎರಡು ಸಲ ಲೆಕ್ಕಕ್ಕೆ ಬರದಂತೆ ಹೆಸರು, ವಿಳಾಸ ತಾಳೆ ನೋಡುತ್ತಾರೆ. ಬೆಂಗಳೂರಿನ ಹೆಂಗಸರಲ್ಲಿ ಗರ್ಭಕಂಠದ ಕ್ಯಾನ್ಸರ್ ಇಳಿದು ಸ್ತನ ಕ್ಯಾನ್ಸರ್ ಮೊದಲ ಸ್ಥಾನಕ್ಕೆ ಬಂದದ್ದು ನಮಗೆ ಗೊತ್ತಾಗಿದ್ದೇ ಹೀಗೆ ನಾಲ್ಕು ದಶಕ ಕೂಡಿಸಿದ ಲೆಕ್ಕದಿಂದ. ಇದಕ್ಕೆ ಪ್ರಶಸ್ತಿ ಕೊಡೋಣ ಅಂದ್ರೆ ಯಾರ ಕೊರಳಿಗೆ ಹಾಕ್ತೀರಿ? ಒಬ್ಬರ ಕೆಲಸವೇ ಅಲ್ಲವಲ್ಲ.

ಹಾಗಾದರೆ ಸರ್ಕಾರದ ಪ್ರಶಸ್ತಿಗಳಾದರೂ ಈ ಕೊರತೆ ತುಂಬಬಹುದಿತ್ತು. ಅಲ್ಲಿ ಆಗಿದ್ದೇ ಬೇರೆ.

2022ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಗೃಹ ಕಾರ್ಯದರ್ಶಿ ನಡೆಸಿದ ಒಂದು ಸಭೆಯ ನಂತರ ವಿಜ್ಞಾನ ಇಲಾಖೆಗಳ ಪ್ರಶಸ್ತಿಗಳನ್ನು ಸಗಟಾಗಿ ಕೈಬಿಡುವ ತೀರ್ಮಾನವಾಯಿತು. ಆರೋಗ್ಯ ಸಂಶೋಧನೆಯ ಪ್ರಶಸ್ತಿಗಳೂ ಅದರಲ್ಲಿ ಹೋದವು. ಕೆಲವು ಪ್ರಶಸ್ತಿಗಳು ನಿಜಕ್ಕೂ ಸವಕಲಾಗಿದ್ದವು, ಅದನ್ನು ಒಪ್ಪೋಣ. ಅವುಗಳ ಜಾಗಕ್ಕೆ 2023ರಲ್ಲಿ ಘೋಷಣೆಯಾಗಿ 2024ರಲ್ಲಿ ಮೊದಲ ಸಲ ಕೊಟ್ಟದ್ದು ರಾಷ್ಟ್ರೀಯ ವಿಜ್ಞಾನ ಪುರಸ್ಕಾರ. ವಿಜ್ಞಾನ ರತ್ನ, ವಿಜ್ಞಾನ ಶ್ರೀ, ವಿಜ್ಞಾನ ಯುವ, ವಿಜ್ಞಾನ ಟೀಮ್ ಎಂಬ ನಾಲ್ಕು ಬಗೆ. 1958ರಿಂದ ಕೊಡುತ್ತಿದ್ದ, ಐದು ಲಕ್ಷ ರೂಪಾಯಿ ನಗದಿದ್ದ ಭಟ್ನಾಗರ್ ಪ್ರಶಸ್ತಿ ಈಗ ವಿಜ್ಞಾನ ಯುವದೊಳಗೆ ಸೇರಿಕೊಂಡಿದೆ. ನಗದು ಹೋಗಿದೆ. ಪದಕ, ಪ್ರಮಾಣಪತ್ರ ಉಳಿದಿವೆ.

ಮೊದಲ ವಿಜ್ಞಾನ ರತ್ನ ಬೆಂಗಳೂರಿಗೇ ಬಂತು. ಐಐಎಸ್‌ಸಿಯ ಜೀವರಸಾಯನ ವಿಜ್ಞಾನಿ ಜಿ. ಪದ್ಮನಾಭನ್. ಎಂಜಿನಿಯರುಗಳ ಮನೆತನದಲ್ಲಿ ಹುಟ್ಟಿ, ಎಂಜಿನಿಯರಿಂಗ್ ಸೇರಿ, ರುಚಿಸದೆ ಬಿಟ್ಟು ಕೆಮಿಸ್ಟ್ರಿಗೆ ಬಂದವರು. ಮನೆಯಲ್ಲಿ ಈ ಜಗಳ ಆಡಿರುವ ಓದುಗರಿಗೆ ಇದು ಸಮಾಧಾನ ಕೊಡಬಹುದು. ಮಲೇರಿಯಾ ಪರಾವಲಂಬಿ ನಮ್ಮ ರಕ್ತದಲ್ಲಿರುವ ಹೀಮ್ ಅನ್ನು ಅರಗಿಸಿಕೊಂಡರೂ ತನಗೆ ಬೇಕಾದ ಹೀಮ್ ಅನ್ನು ತಾನೇ ತಯಾರಿಸಿಕೊಳ್ಳುತ್ತದೆ ಎಂದು ತೋರಿಸಿದ್ದು, ಅರಿಶಿನದ ಕರ್ಕ್ಯುಮಿನ್ ಅನ್ನು ಮಲೇರಿಯಾ ಔಷಧದ ಜೊತೆ ಬೆರೆಸಿ ಪರೀಕ್ಷಿಸಿದ್ದು ಅವರ ಲ್ಯಾಬ್. 1994ರಿಂದ 1998ರವರೆಗೆ ಐಐಎಸ್‌ಸಿ ನಿರ್ದೇಶಕರಾಗಿದ್ದರು. 86ನೇ ವಯಸ್ಸಿನಲ್ಲಿ ಬಂದ ಈ ಗೌರವಕ್ಕೆ ಅವರು ಎಲ್ಲ ರೀತಿಯಲ್ಲೂ ಅರ್ಹರು. ಅದೇ ವರ್ಷ ಅದೇ ಸಂಸ್ಥೆಯ ಉಮೇಶ್ ವಾರ್ಷ್ಣೇಯ ಅವರಿಗೆ ವಿಜ್ಞಾನ ಶ್ರೀ, ಅರವಿಂದ್ ಪೆನ್ಮತ್ಸ ಅವರಿಗೆ ವಿಜ್ಞಾನ ಯುವ ಸಂದವು.

ಸಂಭ್ರಮ ಮುಗಿಯುವ ಮೊದಲೇ ವಿವಾದ ಶುರುವಾಯಿತು. ತಜ್ಞರ ಸಮಿತಿ ಆರಿಸಿದ್ದ ಕೆಲವು ಹೆಸರುಗಳು ಅಂತಿಮ ಪಟ್ಟಿಯಿಂದ ಬಿದ್ದುಹೋಗಿವೆ, ಅವರು ಸರ್ಕಾರದ ನೀತಿಗಳನ್ನು ಬಹಿರಂಗವಾಗಿ ಟೀಕಿಸಿದ್ದವರು ಎಂದು ವರದಿಯಾಯಿತು. ಅವರಲ್ಲಿ ಬೆಂಗಳೂರಿನ ಭೌತವಿಜ್ಞಾನಿಗಳೂ ಇದ್ದರು. ಹಳೆಯ ಭಟ್ನಾಗರ್ ವಿಜೇತರು ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರಿಗೆ ಪತ್ರ ಬರೆದರು, ಆಮೇಲೆ ನೂರೈವತ್ತಕ್ಕೂ ಹೆಚ್ಚು ವಿಜ್ಞಾನಿಗಳು ಸಹಿ ಹಾಕಿ ಇನ್ನೊಂದು ಪತ್ರ ಬರೆದರು. ಕೇಳಿದ್ದಿಷ್ಟೇ: ಆಯ್ಕೆ ಹೇಗಾಯಿತು ಹೇಳಿ. ಹೊಸ ವ್ಯವಸ್ಥೆಯಲ್ಲಿ ಸಮಿತಿ ತನ್ನ ಶಿಫಾರಸನ್ನು ವಿಜ್ಞಾನ ಸಚಿವರಿಗೆ ಕೊಡುತ್ತದೆ. ಬಾಗಿಲು ಅಲ್ಲೇ ತೆರೆದಿದೆ, ಯಾರು ಬೇಕಾದರೂ ಒಳಗೆ ಕೈಹಾಕಬಹುದು.

ಇದು ಭೌತವಿಜ್ಞಾನಿಗಳ ಜಗಳ, ನಮಗೇನು ಅಂತ ಜೀವವಿಜ್ಞಾನದವರು ಕೂರುವ ಹಾಗಿಲ್ಲ. ಆರೋಗ್ಯ ಸಂಶೋಧನೆಯಷ್ಟು ಸರ್ಕಾರಕ್ಕೆ ಮುಜುಗರ ತರುವ ವಿಜ್ಞಾನ ಇನ್ನೊಂದಿಲ್ಲ. ಹಳ್ಳಿಯಲ್ಲಿ ರೋಗಿಗಳು ಎರಡು ಪಟ್ಟು ಇದ್ದಾರೆ ಎಂಬ ಅಂಕಿಯೇ ಒಂದು ಟೀಕೆ. ನಾಳೆ ಯಾರೋ ಅಪೌಷ್ಟಿಕತೆಯ ಲೆಕ್ಕ ತೆಗೆಯುತ್ತಾರೆ, ಮತ್ಯಾರೋ ಕೋವಿಡ್ ಸಾವುಗಳ ಲೆಕ್ಕ. ಅಂಥವರ ಹೆಸರು ಸಚಿವರ ಮೇಜಿನ ಮೇಲೆ ಎಷ್ಟು ಹೊತ್ತು ಉಳಿಯುತ್ತದೆ?

ಇನ್ನು ಬಿಟಿಎಂನ ಪಿಜಿಗಳಲ್ಲಿ ಮೂವರು ಒಂದು ರೂಮು ಹಂಚಿಕೊಂಡಿರುವ ಪಿಎಚ್‌ಡಿ ಹುಡುಗ ಹುಡುಗಿಯರ ಮಾತು. ಯಾವ ಪದಕದ ಹಿಂದೆಯೂ ರಾತ್ರಿಯಿಡೀ ದುಡಿದ ಕೈಗಳು ಅವರವೇ. 2023ರ ಜನವರಿಯಿಂದ ಜೆಆರ್‌ಎಫ್ ತಿಂಗಳಿಗೆ 37 ಸಾವಿರ, ಎಸ್‌ಆರ್‌ಎಫ್ 42 ಸಾವಿರ. ಮನೆಬಾಡಿಗೆ ಭತ್ಯೆ ಬೇರೆ. ಕಾಗದದ ಮೇಲೆ ಪರವಾಗಿಲ್ಲ. ಆದರೆ 2025ರಲ್ಲಿ ಇನ್‌ಸ್ಪೈರ್ ಫೆಲೋಗಳು ತಿಂಗಳುಗಟ್ಟಲೆ ದುಡ್ಡು ಬಂದಿಲ್ಲ ಅಂತ ದೇಶದಾದ್ಯಂತ ದನಿ ಎತ್ತಬೇಕಾಯಿತು. ಪಿಜಿ ಓನರ್ ಆಂಟಿಗೆ ಇಲಾಖೆಯ ಸಾಫ್ಟ್‌ವೇರ್ ಬದಲಾವಣೆಯ ಕಥೆ ಹೇಳಿದರೆ ಬಾಡಿಗೆ ನಿಲ್ಲುತ್ತಾ? ಜಿಡಿಪಿಯ ಶೇ. 0.64ರಷ್ಟನ್ನು ಸಂಶೋಧನೆಗೆ ಖರ್ಚು ಮಾಡುವ ದೇಶದಲ್ಲಿ ರಾಷ್ಟ್ರಪತಿ ಭವನದ ಫೋಟೋ ಒಂದನ್ನೇ ನೋಡಿ ಖುಷಿಪಡಲು ಆಗುವುದಿಲ್ಲ.

ಮನ್ನಣೆಯೇ ಸಿಕ್ಕಿಲ್ಲ ಎಂದರೂ ತಪ್ಪಾಗುತ್ತದೆ. ನಿಮ್ಹಾನ್ಸ್‌ಗೆ 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆಲ್ಸನ್ ಮಂಡೇಲಾ ಪ್ರಶಸ್ತಿ ಬಂತು. ಅದೇ ವರ್ಷ ಡಾ. ಸಿ.ಆರ್. ಚಂದ್ರಶೇಖರ್ ಅವರಿಗೆ ಪದ್ಮಶ್ರೀ. ನಮ್ಮ ಅಪ್ಪ ಅಮ್ಮಂದಿರು ಅವರ ಪುಸ್ತಕಗಳಿಂದಲೇ ಖಿನ್ನತೆ ಎಂಬ ಪದ ಕಲಿತದ್ದು. ನಿಮ್ಹಾನ್ಸ್ 1970ರ ದಶಕದಲ್ಲಿ ಬನ್ನೇರುಘಟ್ಟ ಕಡೆಯ ಸಕಲವಾರದಲ್ಲಿ ಶುರುಮಾಡಿದ ಗ್ರಾಮೀಣ ಮಾನಸಿಕ ಆರೋಗ್ಯದ ಪ್ರಯೋಗ, ಆಮೇಲೆ ಬಳ್ಳಾರಿ ಜಿಲ್ಲೆಯಲ್ಲಿ ಬೆಳೆದು 'ಬಳ್ಳಾರಿ ಮಾದರಿ' ಎನಿಸಿಕೊಂಡು, 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ದಾರಿಯಾಯಿತು. ಆದರೆ ಗಮನಿಸಿ, ಈ ಎರಡೂ ಗೌರವಗಳು ಬಂದದ್ದು 'ಸೇವೆ'ಯ ಖಾತೆಯಿಂದ, 'ವಿಜ್ಞಾನ'ದ ಖಾತೆಯಿಂದಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ಮಾನಸಿಕ ಕಾಯಿಲೆ ಗುರುತಿಸಲು ಕಲಿಸಬಹುದೇ, ಅದರಿಂದ ರೋಗಿ ಗುಣವಾಗುತ್ತಾರೆಯೇ ಎಂದು ಪರೀಕ್ಷಿಸಿ ನೋಡಿದ್ದು ಪಕ್ಕಾ ವಿಜ್ಞಾನ. ನಾವು ಅದನ್ನು ಪುಣ್ಯದ ಕೆಲಸ ಅಂತ ಕರೆದು ಕೈಮುಗಿದು ಮುಂದೆ ಹೋಗುತ್ತೇವೆ.

ದಾರಿ ಇಲ್ಲದೇ ಇಲ್ಲ. ವಿಜ್ಞಾನ ಟೀಮ್ ಎಂಬ ವಿಭಾಗ ಆಗಲೇ ಇದೆ, 2024ರಲ್ಲಿ ಅದು ಚಂದ್ರಯಾನ-3ರ ತಂಡಕ್ಕೆ ಹೋಯಿತು. ಸರಿಯಾಗಿಯೇ ಹೋಯಿತು. ನಾಲ್ಕು ದಶಕ ಒಂದು ಮಹಾನಗರದ ಕ್ಯಾನ್ಸರ್ ಲೆಕ್ಕ ಬರೆದ ಗುಂಪು ಆ ವಿಭಾಗಕ್ಕೆ ಹೇಳಿ ಮಾಡಿಸಿದಂತಿದೆ. ಖಾಸಗಿ ಪ್ರಶಸ್ತಿಗಳು ವೈದ್ಯ ಸಂಶೋಧಕರ ವಯಸ್ಸನ್ನು ಹುಟ್ಟಿದ ದಿನದಿಂದಲ್ಲ, ಡಿಎಂ ಅಥವಾ ಪಿಎಚ್‌ಡಿ ಮುಗಿದ ದಿನದಿಂದ ಎಣಿಸಬಹುದು. ಹೆರಿಗೆ ರಜೆಯ ವರ್ಷಗಳನ್ನೂ ಕಳೆಯಬಹುದು. ಕರ್ನಾಟಕ ಸರ್ಕಾರ ವಿಶ್ವೇಶ್ವರಯ್ಯ, ಕಲ್ಪನಾ ಚಾವ್ಲಾ ಅವರ ಹೆಸರಿನಲ್ಲಿ ವಿಜ್ಞಾನ ಪ್ರಶಸ್ತಿಗಳನ್ನು ಕೊಡುತ್ತದೆ. ಆಸ್ಪತ್ರೆ ಸಂಶೋಧನಾ ತಂಡಗಳಿಗೆಂದೇ ಒಂದನ್ನು ಸೇರಿಸಲು ದೆಹಲಿಯ ಅಪ್ಪಣೆ ಬೇಕಿಲ್ಲ. ಆಯ್ಕೆ ಸಮಿತಿಯ ಶಿಫಾರಸು ಮತ್ತು ಅಂತಿಮ ಪಟ್ಟಿ ಎರಡನ್ನೂ ಅಕ್ಕಪಕ್ಕ ಪ್ರಕಟಿಸುತ್ತೇವೆ ಎಂದು ಅದರ ನಿಯಮದಲ್ಲೇ ಬರೆದುಬಿಟ್ಟರೆ ಕೇಂದ್ರಕ್ಕೂ ಒಂದು ಪಾಠ ಹೇಳಿದಂತಾಗುತ್ತದೆ. ವಿಧಾನಸೌಧದಲ್ಲಿ ಈ ಪ್ರಶ್ನೆ ಕೇಳಬೇಕಾದವರು ಜಯನಗರ, ಬಿಟಿಎಂ, ಪದ್ಮನಾಭನಗರದ ಶಾಸಕರು. ಅವರ ಕ್ಷೇತ್ರದ ಜನ ದಿನಾ ಈ ಆಸ್ಪತ್ರೆಗಳ ಗೇಟಿನ ಮುಂದೆಯೇ ಟ್ರಾಫಿಕ್‌ನಲ್ಲಿ ನಿಂತಿರುತ್ತಾರೆ.